ಓದುಗರ ಪ್ರಶ್ನೆ: ಕೋವಿಯ ಮನೆಗೆ ಬಂದ ಪಿಸ್ತೂಲು

ಈ ಸಲ ಬಂದ ಪತ್ರಗಳಲ್ಲಿ ಆರು ಒಂದೇ ವಿಷಯವನ್ನು ಕುರಿತವು. ತಲೆಮಾರುಗಳಿಂದ ಕೋವಿಯನ್ನು ಬಲ್ಲ ಕೊಡಗಿನ ಮನೆಗಳಿಗೆ ಹೊಸದಾಗಿ ಅರೆಸ್ವಯಂಚಾಲಿತ ಪಿಸ್ತೂಲು ಬಂದಿದೆ, ಅದರೊಂದಿಗೆ ಸಂದೇಹಗಳೂ ಬಂದಿವೆ. ಮೊದಲ ಪತ್ರಕ್ಕೆ ವಿವರವಾಗಿಯೇ ಉತ್ತರಿಸಿದ್ದೇನೆ, ಏಕೆಂದರೆ ಉಳಿದವುಗಳ ಉತ್ತರದ ಬುಡವೂ ಅಲ್ಲಿಯೇ ಇದೆ.

ಪ್ರಶ್ನೆ: ನಮ್ಮಲ್ಲಿ ಅಜ್ಜನ ಕಾಲದ ಜೋಡುನಳಿಗೆಯ 12 ಬೋರ್ ಕೋವಿಯಿದೆ. ಚಿಕ್ಕಂದಿನಿಂದ ಅದರೊಡನೆ ಬೆಳೆದವನು ನಾನು. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ ಬಹುಮಾನವನ್ನೂ ಪಡೆದಿದ್ದೇನೆ. ಕಳೆದ ತಿಂಗಳು ಪರವಾನಗಿ ಪಡೆದು .32 ಪಿಸ್ತೂಲು ಕೊಂಡೆ. ಶೂಟಿಂಗ್ ರೇಂಜಿನಲ್ಲಿ ಹತ್ತು ಮೀಟರ್ ದೂರದಿಂದ ನಲವತ್ತು ಗುಂಡು ಹೊಡೆದಾಗ ಹೆಚ್ಚಿನವು ಗುರಿಯ ಎಡಕ್ಕೆ, ಕೆಳಕ್ಕೆ ಬಿದ್ದವು. ಎರಡು ಸಲ ಪಿಸ್ತೂಲು ಸಿಕ್ಕಿಕೊಂಡಿತು, ಮೇಲ್ಭಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಓಡುವ ಸ್ಲೈಡ್ ತಗುಲಿ ಹೆಬ್ಬೆರಳು ಕುಯ್ದುಕೊಂಡಿತು. ಸ್ಲೈಡ್ ಎಳೆಯುವುದೇ ಒಂದು ಸಾಹಸವಾಗಿದೆ. ಪಿಸ್ತೂಲಿನಲ್ಲಿಯೇ ದೋಷವಿದೆಯೇ? ಹಣ ವ್ಯರ್ಥವಾಯಿತೇ? (ಅಮ್ಮತ್ತಿಯ ಕಾಫಿ ಬೆಳೆಗಾರರೊಬ್ಬರು)

ಉತ್ತರ: ನೀವು ಬರೆದಿರುವುದರಲ್ಲಿ ಪಿಸ್ತೂಲಿನ ದೋಷವೆಂದು ಹೇಳಬಹುದಾದದ್ದು ನನಗೆ ಕಾಣಲಿಲ್ಲ. ಕೋವಿ ಕಲಿಸಿದ ಕೆಲವು ಅಭ್ಯಾಸಗಳು ಪಿಸ್ತೂಲಿನಲ್ಲಿ ನೆರವಿಗೆ ಬರುವುದಿಲ್ಲ, ಕೆಲವು ಅಡ್ಡಿಯನ್ನೇ ಮಾಡುತ್ತವೆ. ಸೇನೆಯಲ್ಲಿ 9 ಎಂಎಂ ಪಿಸ್ತೂಲನ್ನು ಮೊದಲು ಹಿಡಿದ ದಿನ ನನ್ನ ಗುಂಡುಗಳೂ ಎಡಕ್ಕೆ, ಕೆಳಕ್ಕೆ ಬಿದ್ದಿದ್ದವು.

ಮೊದಲು ಸ್ಲೈಡಿನ ವಿಚಾರ. .32 ತೋಟೆಯನ್ನು ರೂಪಿಸಿದವರು ಜಾನ್ ಬ್ರೌನಿಂಗ್. ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯ ಪಿಸ್ತೂಲಿನೊಡನೆ ಅದು 1899ರಲ್ಲಿ ಬಳಕೆಗೆ ಬಂತು. 9 ಎಂಎಂ ತೋಟೆಯ ಪಿಸ್ತೂಲು ನಮ್ಮಲ್ಲಿ ನಾಗರಿಕರಿಗೆ ನಿಷೇಧಿತವಾದ್ದರಿಂದ ಪರವಾನಗಿ ಪಡೆದವರ ಕೈಗೆ ಸಾಮಾನ್ಯವಾಗಿ ಬರುವುದು .32 ಪಿಸ್ತೂಲೇ. ಸೇನೆಯ 9 ಎಂಎಂ ಪಿಸ್ತೂಲಿನಲ್ಲಿ ಗುಂಡು ಹಾರುವ ಕ್ಷಣದಲ್ಲಿ ನಳಿಗೆ ಮತ್ತು ಸ್ಲೈಡ್ ಒಂದಕ್ಕೊಂದು ಬೀಗ ಹಾಕಿಕೊಂಡಿರುತ್ತವೆ. .32 ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ಆ ಬೀಗವಿಲ್ಲ. ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿಗಿತವೇ ತೋಟೆಯ ಒತ್ತಡವನ್ನು ತಡೆಯಬೇಕು. ಆದ್ದರಿಂದ ತೋಟೆ ಚಿಕ್ಕದಾದರೂ ಸ್ಪ್ರಿಂಗ್ ಗಟ್ಟಿ. ಬರಿಯ ಎಡಗೈಯಿಂದ ಜಗ್ಗಬೇಡಿ. ನಳಿಗೆಯನ್ನು ಗುರಿಯ ಕಡೆಗೇ ಇರಿಸಿ, ಸ್ಲೈಡನ್ನು ಎಡಗೈಯ ಇಡೀ ಅಂಗೈಯಿಂದ ಹಿಡಿದು, ಬಲಗೈಯಿಂದ ಪಿಸ್ತೂಲನ್ನು ಮುಂದಕ್ಕೆ ತಳ್ಳಿರಿ. ಬಿಡುವಾಗ ಕೈಯಿಂದ ನಿಧಾನವಾಗಿ ಮುಂದಕ್ಕೆ ಒಯ್ಯದೆ ಒಮ್ಮೆಗೇ ಬಿಡಿ. ತೋಟೆಯನ್ನು ಸರಿಯಾಗಿ ಕೂರಿಸುವ ಕೆಲಸ ಸ್ಪ್ರಿಂಗಿನದು.

ಹೆಬ್ಬೆರಳಿನ ಗಾಯಕ್ಕೆ ಕಾರಣ ನಿಮ್ಮ ಹಿಡಿತ. ಎಡಗೈಯ ಹೆಬ್ಬೆರಳನ್ನು ಬಲಗೈಯ ಹಿಂಭಾಗದ ಮೇಲೆ ಅಡ್ಡ ಹಾಕಿದಿರೆಂದು ತೋರುತ್ತದೆ. ರಿವಾಲ್ವರಿನಲ್ಲಿ ಅದು ನಡೆಯುತ್ತದೆ. ಇಲ್ಲಿ ಸ್ಲೈಡ್ ಪ್ರತಿ ಗುಂಡಿಗೂ ರಭಸದಿಂದ ಹಿಂದಕ್ಕೆ ಬರುತ್ತದೆ. ಎರಡೂ ಹೆಬ್ಬೆರಳುಗಳು ಪಿಸ್ತೂಲಿನ ಎಡಮಗ್ಗುಲಲ್ಲಿ ಗುರಿಯ ಕಡೆಗೆ ಮುಖ ಮಾಡಿ ಒಂದರ ಕೆಳಗೊಂದು ಮಲಗಿರಲಿ.

ಗುರಿ ತಪ್ಪುವುದಕ್ಕೆ ಎರಡು ಕಾರಣಗಳಿವೆ. ಒಂದು ಬರಿಯ ಲೆಕ್ಕ. ನಿಮ್ಮ ಪಿಸ್ತೂಲಿನ ಮುಂದಿನ ಗುರಿಮೊಳೆಗೂ ಹಿಂದಿನ ಕಚ್ಚಿಗೂ ನಡುವೆ ಹದಿಮೂರು ಸೆಂಟಿಮೀಟರ್ ಅಂತರವಿದೆಯೆಂದು ಇಟ್ಟುಕೊಳ್ಳಿ. ಗುರಿಮೊಳೆ ಒಂದೇ ಮಿಲಿಮೀಟರ್ ಸರಿದರೂ ಹತ್ತು ಮೀಟರ್ ದೂರದಲ್ಲಿ ಗುಂಡು ಏಳೂವರೆ ಸೆಂಟಿಮೀಟರಿಗೂ ಹೆಚ್ಚು ಆಚೆ ಬೀಳುತ್ತದೆ. ಉದ್ದ ನಳಿಗೆಯ ಕೋವಿಯಲ್ಲಿ ಅದೇ ತಪ್ಪು ಒಂದೂವರೆ ಸೆಂಟಿಮೀಟರನ್ನೂ ದಾಟುವುದಿಲ್ಲ. ಅದರ ಮೇಲೆ ಭುಜದ ಆಸರೆಯೂ ಇರುತ್ತದೆ. ಎರಡನೆಯ ಕಾರಣ ಮನಸ್ಸಿನದು. ಕೋವಿಯ ಒದೆತವನ್ನು ಇಡೀ ಮೈ ಭುಜದಲ್ಲಿ ತೆಗೆದುಕೊಳ್ಳುತ್ತದೆ. ಪಿಸ್ತೂಲಿನ ಒದೆತ ಚಿಕ್ಕದಾದರೂ ಮಣಿಕಟ್ಟಿನಲ್ಲಿಯೇ ನಿಲ್ಲುತ್ತದೆ. ಅದನ್ನು ಎದುರು ನೋಡುವ ಕೈ, ಕುದುರೆ (ಟ್ರಿಗರ್) ಎಳೆಯುವ ಮುಂಚಿನ ಕ್ಷಣದಲ್ಲಿ ತನಗೆ ತಿಳಿಯದಂತೆ ಇಡೀ ಮುಷ್ಟಿಯನ್ನು ಬಿಗಿದು ಕೆಳಕ್ಕೆ ಬಾಗುತ್ತದೆ. ಬಲಗೈಯವರ ಗುಂಡು ಎಡಕ್ಕೆ, ಕೆಳಕ್ಕೆ ಹೋಗುವುದು ಬಹುಮಟ್ಟಿಗೆ ಇದರಿಂದಲೇ. ಅನುಭವಿ ಗೆಳೆಯರೊಬ್ಬರಿಗೆ ತೋಟೆ ತುಂಬುವ ಮ್ಯಾಗಜೀನ್ ಕೊಟ್ಟು, ನಿಜವಾದ ತೋಟೆಗಳ ನಡುವೆ ಒಂದೆರಡು ಮದ್ದಿಲ್ಲದ ಅಣಕು ತೋಟೆಗಳನ್ನು ನಿಮಗೆ ಕಾಣದಂತೆ ತುಂಬಲು ಹೇಳಿ. ಅಣಕು ತೋಟೆ ಬಂದಾಗ ಸದ್ದಿಲ್ಲ, ಒದೆತವಿಲ್ಲ. ಆದರೂ ನಳಿಗೆ ಕೆಳಕ್ಕೆ ಇಳಿಯುವುದನ್ನು ನಿಮ್ಮ ಕಣ್ಣೇ ನೋಡುತ್ತದೆ. ಒಮ್ಮೆ ಹಾಗೆ ಕಂಡ ಮೇಲೆ ತಿದ್ದಿಕೊಳ್ಳಲು ಹೆಚ್ಚು ದಿನ ಬೇಕಾಗುವುದಿಲ್ಲ. ಹತ್ತು ಮೀಟರ್ ಬಿಟ್ಟು ಐದರಿಂದ ಆರಂಭಿಸಿ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಇಲ್ಲದೆ ನಿಲ್ಲಬೇಡಿ. ಬಯಲಿನಲ್ಲಿ ಕೋವಿ ಹೊಡೆದು ಬೆಳೆದ ನಾವು ಕಿವಿಯನ್ನು ಲೆಕ್ಕಕ್ಕೇ ತೆಗೆದುಕೊಂಡವರಲ್ಲ, ಅದರ ಫಲವನ್ನು ನಾನು ಈಗ ಉಣ್ಣುತ್ತಿದ್ದೇನೆ.

ಸಿಕ್ಕಿಕೊಂಡ ಎರಡು ಸಲ ಏನಾಗಿತ್ತೆಂದು ನೀವು ಬರೆದಿಲ್ಲ. ಖಾಲಿ ತೋಟೆ ಸ್ಲೈಡಿನ ಬಾಯಿಯಲ್ಲಿ ಹೊಗೆಕೊಳವೆಯಂತೆ ನೆಟ್ಟಗೆ ನಿಂತಿದ್ದರೆ, ಮಣಿಕಟ್ಟು ಸಡಿಲವಾಗಿತ್ತೆಂದೇ ಮೊದಲು ಅನುಮಾನಿಸಬೇಕು. ಪಿಸ್ತೂಲಿನ ಮೈ ನಿಶ್ಚಲವಾಗಿದ್ದರೆ ಮಾತ್ರ ಸ್ಲೈಡ್ ಪೂರ್ತಿ ಹಿಂದಕ್ಕೆ ಓಡುತ್ತದೆ. ಕೈಯೂ ಜೊತೆಯಲ್ಲಿ ಹಿಂದಕ್ಕೆ ಹೋದರೆ ಅದರ ಓಟ ಅರ್ಧಕ್ಕೇ ನಿಲ್ಲುತ್ತದೆ. ಹೊಸ ತೋಟೆ ಮ್ಯಾಗಜೀನಿನಿಂದ ಮೇಲೆ ಬರದೆ ನಿಂತಿದ್ದರೆ ಕಾರಣ ಬೇರೆ. .32 ತೋಟೆಯ ಬುಡದ ಅಂಚು ಮೈಯಿಂದ ತುಸು ಹೊರಕ್ಕೆ ಚಾಚಿರುತ್ತದೆ. ಮೇಲಿನ ತೋಟೆಯ ಅಂಚು ಕೆಳಗಿನದರ ಮುಂದೆ ಇರಬೇಕು. ಹಿಂದೆ ಬಿದ್ದರೆ ಎರಡೂ ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತವೆ. ಕಾರ್ಖಾನೆಯಿಂದ ಬಂದ ದಪ್ಪ ಗ್ರೀಸನ್ನು ಪೂರ್ತಿ ಒರೆಸಿ ತೆಳುವಾಗಿ ಎಣ್ಣೆ ಹಚ್ಚಿದ್ದೀರಾ ಎಂಬುದನ್ನೂ ನೋಡಿಕೊಳ್ಳಿ. ಇನ್ನೂರು ಗುಂಡು ದಾಟಿದ ಮೇಲೂ ತೊಂದರೆ ಉಳಿದರೆ ಆಗ ಮಾರಿದವರ ಬಳಿಗೆ ಹೋಗಬಹುದು.

ಈಗ ನೀವು ಕೇಳದೇ ಇರುವ ಮಾತು, ಆದರೆ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಜೋಡುನಳಿಗೆಯ ಕೋವಿಯನ್ನು ಮಡಚಿದರೆ ಎರಡು ನಳಿಗೆಗಳಲ್ಲಿಯೂ ಬೆಳಕು ಕಾಣುತ್ತದೆ. ಮಡಚಿದ ಕೋವಿಯನ್ನು ತೋಳಿನ ಮೇಲೆ ಹಾಕಿಕೊಂಡು ಬರುವವನನ್ನು ಅಂಗಳದ ಆಚೆಯಿಂದ ನೋಡಿದರೂ ಅದರಿಂದ ಅಪಾಯವಿಲ್ಲವೆಂದು ತಿಳಿಯುತ್ತದೆ. ಪಿಸ್ತೂಲು ತನ್ನೊಳಗೆ ಏನಿದೆಯೆಂದು ಹೊರಗಿನವರಿಗೆ ಹೇಳುವುದಿಲ್ಲ. ಒಂದು ಗುಂಡು ಹಾರಿದೊಡನೆ ಇನ್ನೊಂದನ್ನು ತಾನೇ ನಳಿಗೆಗೆ ಏರಿಸಿಕೊಂಡು ಮೌನವಾಗಿ ಕುಳಿತಿರುತ್ತದೆ. ನಿವೃತ್ತಿಯಾದ ಮೇಲೆ ಬಂಧುವೊಬ್ಬರ .32 ಪಿಸ್ತೂಲನ್ನು ರೇಂಜಿನಲ್ಲಿ ಖಾಲಿ ಮಾಡುವಾಗ ಮಾತಿನ ಭರದಲ್ಲಿ ನಾನು ಮೊದಲು ಸ್ಲೈಡ್ ಎಳೆದೆ, ಆಮೇಲೆ ಮ್ಯಾಗಜೀನ್ ತೆಗೆದೆ. ಸ್ಲೈಡ್ ಎಳೆದಾಗ ಒಂದು ತೋಟೆ ಹೊರಗೆ ಬಿತ್ತು, ಮ್ಯಾಗಜೀನಿನಿಂದ ಇನ್ನೊಂದು ಒಳಗೆ ಹೋಯಿತು. ಖಾಲಿಯೆಂದು ನಂಬಿ ಕುದುರೆ ಎಳೆದೆ. ನಳಿಗೆ ಮಣ್ಣಿನ ದಿಬ್ಬದ ಕಡೆಗಿತ್ತೆಂಬ ಒಂದೇ ಕಾರಣದಿಂದ ಆ ಗುಂಡು ಮಣ್ಣಿಗೆ ಹೋಯಿತು. ಇಪ್ಪತ್ತು ವರ್ಷ ಆಯುಧ ಹಿಡಿದವನ ಕೈಯಲ್ಲಿ ಇದು ನಡೆಯಿತು. ಆದ್ದರಿಂದ ಮೊದಲು ಮ್ಯಾಗಜೀನ್ ಹೊರಗೆ; ಅನಂತರ ಸ್ಲೈಡ್ ಹಿಂದಕ್ಕೆ, ಅಲ್ಲಿಯೇ ತಡೆದು ನಿಲ್ಲಿಸಿ ಕಣ್ಣಿನಿಂದ ನೋಡಿ, ಕಿರುಬೆರಳನ್ನು ಒಳಗಿಟ್ಟು ಮುಟ್ಟಿಯೂ ನೋಡಿ. ಮ್ಯಾಗಜೀನ್ ಇಲ್ಲದಿದ್ದರೆ ಹಾರದ ಪಿಸ್ತೂಲುಗಳಿವೆ, ಹಾರುವವೂ ಇವೆ. ನಿಮ್ಮದು ಯಾವ ಬಗೆಯದಾದರೂ ಕ್ರಮ ಬದಲಾಗಬಾರದು.

ಪ್ರಶ್ನೆ: ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ) ಹಿಡುವಳಿದಾರರಿಗೂ ಆಯುಧ ಪರವಾನಗಿಯಿಂದ ವಿನಾಯಿತಿ ಇರುವಾಗ ಪಿಸ್ತೂಲಿಗೆ ಪರವಾನಗಿಯ ಮಾತೇಕೆ? (ವಿರಾಜಪೇಟೆಯಿಂದ)

ಉತ್ತರ: ಬ್ರಿಟಿಷರ ಆಡಳಿತ 1861ರಲ್ಲಿ ಕೊಟ್ಟ ವಿನಾಯಿತಿ 1959ರ ಆಯುಧ ಕಾಯ್ದೆಯ ಕೆಳಗೂ ಮುಂದುವರಿದು ಬಂದಿದೆ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಹತ್ತು ವರ್ಷಗಳಿಗೆ, ಎಂದರೆ 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ವಿನಾಯಿತಿಯೆಂದರೆ ಯಾವ ಆಯುಧವನ್ನಾದರೂ ಎಲ್ಲಿಗಾದರೂ ಒಯ್ಯುವ ಹಕ್ಕಲ್ಲ. ಅದಕ್ಕೆ ಆಯುಧದ ಬಗೆ, ಸಂಖ್ಯೆ ಮತ್ತು ಜಿಲ್ಲೆಯ ಗಡಿಗೆ ಸಂಬಂಧಿಸಿದ ಷರತ್ತುಗಳಿವೆ. ಅಜ್ಜನ ಕೋವಿಯ ಪತ್ರ ಕೈಯಲ್ಲಿದೆಯೆಂದು ಪಿಸ್ತೂಲು ಕೊಳ್ಳಲು ಹೊರಡಬೇಡಿ. ಕೊಳ್ಳುವ ಮೊದಲೇ ಮಡಿಕೇರಿಯ ಜಿಲ್ಲಾಧಿಕಾರಿಗಳ ಕಚೇರಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ. ಪರವಾನಗಿಯ ಮೇಲೆ ಹೊಂದುವವರಿಗೆ 2019ರ ತಿದ್ದುಪಡಿಯಂತೆ ಎರಡು ಆಯುಧಗಳ ಮಿತಿಯಿದೆ, ಪರವಾನಗಿಯ ಅವಧಿ 5 ವರ್ಷ.

ಪ್ರಶ್ನೆ: ಯಜಮಾನರು ಪಿಸ್ತೂಲು ತಂದಿದ್ದಾರೆ. ಮನೆಯಲ್ಲಿ ಆರು ಮತ್ತು ಹತ್ತು ವರ್ಷದ ಮಕ್ಕಳಿದ್ದಾರೆ. ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಂದು ಕೋವಿಯ ಜೊತೆಯಲ್ಲಿ ಅದನ್ನೂ ಪೂಜೆಗೆ ಇಡಬಹುದೇ? (ಪೊನ್ನಂಪೇಟೆಯ ಗೃಹಿಣಿ)

ಉತ್ತರ: ಇಡಬಹುದು. ಸೆಪ್ಟೆಂಬರ್ 3ರಂದು ಕೋವಿಗೆ ತೋಕ್‌ಪೂ ಎಂಬ ಹೂವನ್ನು ಮುಡಿಸಿ ಕೈಮುಗಿಯುವ ಮನೆಯಲ್ಲಿ ಹೊಸ ಆಯುಧಕ್ಕೂ ಜಾಗವಿರಲಿ. ಆದರೆ ಅದು ಮ್ಯಾಗಜೀನ್ ಇಲ್ಲದೆ, ಸ್ಲೈಡ್ ಹಿಂದಕ್ಕೆ ನಿಂತು, ಒಳಗು ಎಲ್ಲರಿಗೂ ಕಾಣುವಂತೆ ಇರಲಿ. ತೋಟೆಗಳು ಆ ಕೋಣೆಯಲ್ಲಿಯೇ ಬೇಡ. ಪೂಜೆಯ ಹೊತ್ತಿನಲ್ಲಿ ಹಿರಿಯರೊಬ್ಬರು ಅಲ್ಲಿಂದ ಕದಲಬಾರದು, ಮುಗಿದೊಡನೆ ಅದು ಬೀಗದೊಳಗೆ ಹೋಗಬೇಕು.

ನಿಮ್ಮ ನಿಜವಾದ ಕಳವಳ ಉಳಿದ ದಿನಗಳದ್ದೆಂದು ತಿಳಿಯುತ್ತೇನೆ, ಅದು ನ್ಯಾಯವಾದದ್ದು. ಕೋವಿ ಉದ್ದ, ಭಾರ. ಆರು ವರ್ಷದ ಮಗು ಅದನ್ನು ಎತ್ತಿ ತನ್ನ ಕಡೆಗೆ ತಿರುಗಿಸುವುದು ಕಷ್ಟ. ಪಿಸ್ತೂಲು ಆಟಿಕೆಯಷ್ಟೇ ದೊಡ್ಡದು. ಬೀರುವಿನ ಮೇಲೆ, ದಿಂಬಿನ ಕೆಳಗೆ, ಜೀಪಿನ ಡ್ಯಾಶ್‌ಬೋರ್ಡಿನೊಳಗೆ ಇಡುವ ಅಭ್ಯಾಸವನ್ನು ಮೊದಲ ದಿನವೇ ನಿಲ್ಲಿಸಿ. ಗೋಡೆಗೆ ಬಿಗಿದ ಉಕ್ಕಿನ ಪೆಟ್ಟಿಗೆಯಲ್ಲಿ ಪಿಸ್ತೂಲು, ಬೇರೊಂದು ಬೀಗದಲ್ಲಿ ತೋಟೆ ಇರಲಿ. ಬೀಗದ ಕೈ ಮೊಳೆಗೆ ನೇತಾಡುತ್ತಿರಬಾರದು. ಹತ್ತು ವರ್ಷದ ಮಗುವಿನಿಂದ ಬಚ್ಚಿಡುವುದಕ್ಕಿಂತ ಒಮ್ಮೆ ಕೂರಿಸಿಕೊಂಡು ತೋರಿಸಿ, ದೊಡ್ಡವರಿಲ್ಲದಾಗ ಎಲ್ಲಿಯೇ ಕಂಡರೂ ಮುಟ್ಟದೆ ಬಂದು ಹೇಳಬೇಕೆಂದು ಕಲಿಸಿ. ಅದನ್ನು ನೀವೂ ಖಾಲಿ ಮಾಡಲು ಕಲಿಯಿರಿ. ಆಯುಧವಿರುವ ಮನೆಯಲ್ಲಿ ಅದರ ವಿದ್ಯೆ ಒಬ್ಬರಲ್ಲಿಯೇ ಉಳಿಯಬಾರದು.

ಪ್ರಶ್ನೆ: ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಕೋವಿಯ ಬದಲು ಪಿಸ್ತೂಲಿನಿಂದ ಆಕಾಶಕ್ಕೆ ಗುಂಡು ಹಾರಿಸಬಹುದೇ? ತೋಟಕ್ಕೆ ಬರುವ ಆನೆಗಳನ್ನು ಅದರಿಂದ ಹೆದರಿಸಬಹುದೇ? (ಸಿದ್ದಾಪುರ ಮತ್ತು ನಾಪೋಕ್ಲಿನಿಂದ ಬಂದ ಎರಡು ಪತ್ರಗಳು)

ಉತ್ತರ: ಎರಡೂ ಬೇಡ. ಕೋವಿಯ ಸಣ್ಣ ಚರೆಗಳು ಕೆಲವು ನೂರು ಮೀಟರಿನೊಳಗೆ ವೇಗ ಕಳೆದುಕೊಂಡು ಉದುರುತ್ತವೆ. .32 ಪಿಸ್ತೂಲಿನ ಒಂದೇ ಗುಂಡು ಸುಮಾರು 4.6 ಗ್ರಾಂ ತೂಗುತ್ತದೆ, ಸೆಕೆಂಡಿಗೆ ಸುಮಾರು 275 ಮೀಟರ್ ವೇಗದಲ್ಲಿ ಹೊರಡುತ್ತದೆ, ಒಂದು ಕಿಲೋಮೀಟರಿಗೂ ಆಚೆ ಹೋಗಿ ಬೀಳಬಲ್ಲದು. ಗದ್ದೆಯ ಆಚೆಗೆ ಇನ್ನೊಂದು ಮನೆ, ಅದರಾಚೆಗೆ ಕಾರ್ಮಿಕರ ಲೈನ್ ಮನೆಗಳು ಇರುವ ಊರಿನಲ್ಲಿ ಅದು ಯಾರ ಅಂಗಳಕ್ಕೆ ಬೀಳುತ್ತದೆಂದು ಹಾರಿಸಿದವರಿಗೆ ತಿಳಿಯದು. ಸಂಭ್ರಮದ ಹೆಸರಿನಲ್ಲಿ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಪುತ್ತರಿಗೆ ಮನೆಯ ಕೋವಿಯೇ ಸಾಕು, ಅದೂ ಹಿರಿಯರ ಕೈಯಲ್ಲಿ. ಆನೆಯ ಮುಂದೆ ಪಿಸ್ತೂಲು ಹಿಡಿದು ನಿಂತವನು ತನ್ನ ಜೀವವನ್ನು ಪಣಕ್ಕಿಟ್ಟಂತೆ. ಗುಂಡು ತಗುಲಿದರೆ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಗಾಯಗೊಂಡ ಆನೆ ಮರುದಿನ ಬೆಳಗ್ಗೆ ಕೆಲಸಕ್ಕೆ ಬರುವ ಕಾರ್ಮಿಕರಿಗೆ ಎದುರಾಗುತ್ತದೆ. ಆನೆ ಕಂಡರೆ ಕಾರ್ಮಿಕರನ್ನು ಹಿಂದಕ್ಕೆ ಕರೆಸಿ ಅರಣ್ಯ ಇಲಾಖೆಗೆ ತಿಳಿಸಿರಿ.

ಪ್ರಶ್ನೆ: ಮಳೆಗಾಲದಲ್ಲಿ ತುಕ್ಕು ಹಿಡಿಯದಂತೆ ಏನು ಮಾಡಬೇಕು? (ಭಾಗಮಂಡಲದಿಂದ)

ಉತ್ತರ: ನಿಮ್ಮ ಕಡೆಯ ಮಳೆಯಲ್ಲಿ ಗೋಡೆಯೇ ಬೆವರುತ್ತದೆ. ಪಿಸ್ತೂಲನ್ನು ಚರ್ಮದ ಚೀಲದಲ್ಲಿ ಇಟ್ಟು ಮರೆಯಬೇಡಿ. ಚರ್ಮ ತೇವ ಹೀರಿ ಉಕ್ಕಿಗೆ ದಾಟಿಸುತ್ತದೆ, ಹಿತ್ತಾಳೆಯ ತೋಟೆಗಳಿಗೆ ಹಸಿರು ಕಿಲುಬು ಹಿಡಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಬಿಚ್ಚಿ ಒರೆಸಿ, ನಳಿಗೆಯೊಳಗೂ ಸ್ಲೈಡ್ ಓಡುವ ಜಾಡಿನಲ್ಲೂ ತೆಳುವಾದ ಎಣ್ಣೆ ಸವರಿ, ಸಿಲಿಕಾ ಜೆಲ್ ಇರುವ ಪೆಟ್ಟಿಗೆಯಲ್ಲಿಡಿ. ಸಿಲಿಕಾ ಜೆಲನ್ನು ಆಗಾಗ ಬಿಸಿ ಮಾಡಿ ಒಣಗಿಸಬೇಕು. ತೋಟೆಗಳಿಗೆ ಮಾತ್ರ ಎಣ್ಣೆ ಹಚ್ಚಬೇಡಿ. ಅದು ಬುಡದ ಕಿಡಿಮದ್ದಿಗೆ ಇಳಿದರೆ ಗುಂಡು ಹಾರುವುದಿಲ್ಲ. ರೇಂಜಿನಲ್ಲಿ ಹಾಗೆ ಕುದುರೆ ಎಳೆದೂ ಗುಂಡು ಹಾರದಿದ್ದರೆ ಪಿಸ್ತೂಲನ್ನು ತಿರುಗಿಸಿ ನೋಡಬೇಡಿ. ಕೆಲವೊಮ್ಮೆ ಮದ್ದು ತಡವಾಗಿ ಹೊತ್ತಿಕೊಳ್ಳುತ್ತದೆ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಮೂವತ್ತು ಸೆಕೆಂಡು ಕಾದು, ಆಮೇಲೆ ಮ್ಯಾಗಜೀನ್ ತೆಗೆದು, ಸ್ಲೈಡ್ ಎಳೆದು ಆ ತೋಟೆಯನ್ನು ಹೊರಹಾಕಿರಿ.