ಗಿರಣಿ ಮಾರಬೇಕೇನ್ರಿ, ಅಕ್ಕಾರ?

(ಒಪ್ಪಿಗೆ ಪಡೆದೇ ಬರೆದಿದ್ದೇನೆ. ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಶಾಂತಾಬಾಯಿ ಅಂತ ಕರೆಯೋಣ. ವಯಸ್ಸು 47. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಹಳ್ಳಿಯವರು, ಅಲ್ಲೇ ಹಿಟ್ಟಿನ ಗಿರಣಿ ನಡೆಸುತ್ತಾರೆ. ಗಂಡ 1999ರ ಕಾರ್ಗಿಲ್ ಯುದ್ಧದಲ್ಲಿ ತೀರಿಕೊಂಡಾಗ ಮಗನಿಗೆ ಎಂಟು ತಿಂಗಳು. ಈಗ ಮಗ ಪುಣೆಯಲ್ಲಿ ಕಂಪನಿ ಕೆಲಸದಲ್ಲಿದ್ದಾನೆ, ಸೊಸೆ ಬಸುರಿ. "ಗಿರಣಿ ಮಾರಿ ಬಂದ್ಬಿಡವ್ವಾ, ಒಬ್ಬಾಕಿ ಎಷ್ಟ್ ದಿನ ಇರ್ತಿ" ಅಂತ ಹಟ ಹಿಡಿದಿದ್ದಾನೆ. ಇವರು ಒಮ್ಮೆ ಹೂಂ ಅಂದುಬಿಟ್ಟಿದ್ದಾರೆ. ಅಂದಿನಿಂದ ನಿದ್ದೆ ಇಲ್ಲ ಅಂತ ಸಲಹೆ ಕೇಳಿ ನನ್ನ ಹತ್ತಿರ ಬಂದಿದ್ದರು.

ಮೊದಲ ದಿನ ನಾನು ತಪ್ಪು ದಾರಿ ಹಿಡಿದೆ. ಹಳೆಯ ದುಃಖ ಮೇಲೆ ಬಂದಿದೆ ಅಂದುಕೊಂಡು ಗಂಡನ ಬಗ್ಗೆಯೇ ಕೇಳುತ್ತಾ ಹೋದೆ. ಸ್ವಲ್ಪ ಹೊತ್ತು ಸಹಿಸಿಕೊಂಡರು. ಆಮೇಲೆ, "ಅಕ್ಕಾರ, ಅವರ ರಜೆ ಎಲ್ಲಾ ಕೂಡಿಸಿದ್ರ ನನ್ನ ಜೋಡಿ ಇದ್ದದ್ದು ಐದು ತಿಂಗಳು. ಗಿರಣಿ ಜೋಡಿ ಇಪ್ಪತ್ತೆರಡು ವರ್ಷ ಇದ್ದೀನಿ. ಅದನ್ನ ಕೇಳ್ರಿ" ಅಂದರು.

ಕೇಳಿದೆ. ಯುದ್ಧದಲ್ಲಿ ತೀರಿದವರ ಹೆಂಡತಿಗೆ ಗಂಡನ ಕೊನೆಯ ಸಂಬಳದಷ್ಟೇ ಪಿಂಚಣಿ ಬರುತ್ತದೆ. ಸಾಮಾನ್ಯ ಕುಟುಂಬ ಪಿಂಚಣಿಯ ಮಾಮೂಲಿ ದರವಾದರೆ ಆ ಸಂಬಳದ ಶೇ 30 ಮಾತ್ರ. ಪಿಂಚಣಿಯ ಕಾಗದ ಬರುವವರೆಗೂ ಆ ಮನೆಯಲ್ಲಿ ವೈನಿ (ಅತ್ತಿಗೆ) ಅಂದರೆ ತಾಯಿ ಸಮಾನ. ಬಂದ ಮೇಲೆ ಮೈದುನನ ಜೊತೆ ಉಡಿಕಿ, ಅಂದರೆ ವಿಧವೆಯ ಮರುಮದುವೆ, ಮಾಡಿಸುವ ಮಾತು ಶುರುವಾಯಿತು. ಮನೆಯವರನ್ನಷ್ಟೇ ಬೈದು ಏನು ಮಾಡೋದು? ಶೌರ್ಯ ಪದಕದ ಭತ್ಯೆ ಪಡೆಯುವ ವಿಧವೆ ಮರುಮದುವೆಯಾದರೆ, ಮೈದುನನನ್ನೋ ಭಾವನನ್ನೋ ಮದುವೆಯಾಗಿದ್ದರೆ ಮಾತ್ರ ಅದು ಮುಂದುವರಿಯುತ್ತದೆ ಅಂತ ಸರ್ಕಾರದ ನಿಯಮವೇ ಇತ್ತು. ಅದನ್ನು ತೆಗೆದದ್ದು 2017ರಲ್ಲಿ. ಇವರ ಗಂಡನಿಗೆ ಪದಕ ಇರಲಿಲ್ಲ, ಆದರೆ ಊರಿನವರ ಯೋಚನೆಯೂ ಅದೇ ಆಗಿತ್ತು.

"ನನ್ನ ಕೈಯಾಗ ಉಂಡು ಬೆಳೆದ ಹುಡುಗ ಅವ" ಅಂತ ಹೇಳಿ ಇವರು ಬೇರೆ ಮನೆ ಮಾಡಿದರು. ಪಿಂಚಣಿಯಲ್ಲಿ ಉಳಿಸಿ ಗಿರಣಿ ಹಾಕಿದರು. ಬೀಸುವ ಕಲ್ಲು ಸವೆದಾಗ ಕುಟ್ಟಿ ಮತ್ತೆ ಗೆರೆ ಮೂಡಿಸಲು ಮಿಸ್ತ್ರಿ ಬರಬೇಕಿತ್ತು. ಒಬ್ಬಳೇ ಹೆಂಗಸು ಅಂತ ಅವನು ವಾರಗಟ್ಟಲೆ ಸತಾಯಿಸುತ್ತಿದ್ದ. ಒಂದು ದಿನ ಉಳಿ ಹಿಡಿದು ತಾವೇ ಕೂತರು. ಹಾಗೆ ಹೇಳುತ್ತಾ ನನ್ನ ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದರು, ನಡುವಿನಿಂದ ಅಂಚಿಗೆ, ಒಂದರ ಪಕ್ಕ ಒಂದು. "ಗೆರಿ ಆಳ ಆದ್ರ ಜೋಳ ನುಚ್ಚಾಗ್ತದ್ರಿ."

ಜುಲೈ 26ರ ಕಾರ್ಗಿಲ್ ವಿಜಯ ದಿನ ಬಂತೆಂದರೆ ವೀರಪತ್ನಿ ಅಂತ ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ. ಟ್ರಂಕ್ ತುಂಬಿದೆ. "ಜೋಳ ಬೀಸುವಾಗ ಹೊದ್ಕೊಳ್ಳಾಕ ಬರೂದಿಲ್ಲ" ಅಂತ ನಕ್ಕರು.

ಇವರಿಗೆ ಒಂಟಿತನದ ಕಾಯಿಲೆ ಇರಲಿಲ್ಲ. ಮಗನಿಗೆ ಇಲ್ಲ ಅನ್ನುವ ಅಭ್ಯಾಸ ಇರಲಿಲ್ಲ, ಅಷ್ಟೇ. ಉಡಿಕಿ ವಿಷಯದಲ್ಲಿ ಮಾವನಿಗೆ ಇಲ್ಲ ಅಂದವರಿಗೆ ಮಗನಿಗೆ ಅನ್ನೋದು ಕಷ್ಟವಾಯಿತು ನೋಡಿ.

ನಾನು ಹೇಳಿದ್ದು ಇಷ್ಟು. ಸದ್ಯಕ್ಕೆ ಏನನ್ನೂ ಮಾರಬೇಡಿ. ಬಾಣಂತನಕ್ಕೆ ಖಂಡಿತ ಹೋಗಿ, ಆದರೆ ಮೂರು ತಿಂಗಳಿಗೆ. ವಾಪಸ್ ಬರುವ ತಾರೀಕು ಹೋಗುವ ಮೊದಲೇ ಹೇಳಿ. ಅಲ್ಲಿಯವರೆಗೆ ಗಿರಣಿಯಲ್ಲಿ ಕೆಲಸಕ್ಕಿರುವ ಹುಡುಗಿಗೆ ತಿಂಗಳ ಲೆಕ್ಕದಲ್ಲಿ ನಡೆಸಲು ಕೊಡಿ, ಚೀಟಿ ಬರೆದುಕೊಂಡು. ಇನ್ನೊಂದು ವಿಷಯ ನಡುವೆ ಹೊರಬಿತ್ತು. ಪಿಂಚಣಿ ಖಾತೆಯ ಎಟಿಎಂ ಕಾರ್ಡ್ ಮಗನ ಹತ್ತಿರ, ಮೆಸೇಜ್ ಬರುವುದೂ ಅವನ ಮೊಬೈಲಿಗೆ. ಅವನು ಕಳ್ಳನಲ್ಲ, ಆದರೂ ವಾಪಸ್ ಪಡೆಯಿರಿ, ಖಾತೆಗೆ ನಿಮ್ಮ ನಂಬರ್ ಕೊಡಿ ಅಂದೆ. ಪಿಂಚಣಿದಾರರು ಬದುಕಿದ್ದಾರೆ ಅಂತ ವರ್ಷಕ್ಕೊಮ್ಮೆ ಕೊಡುವ ಜೀವನ ಪ್ರಮಾಣಪತ್ರವನ್ನು ಈಗ ಬೆರಳಚ್ಚು ಕೊಟ್ಟೋ ಮೊಬೈಲಿಗೆ ಮುಖ ತೋರಿಸಿಯೋ ಯಾವ ಊರಿನಿಂದಲಾದರೂ ಸಲ್ಲಿಸಬಹುದು. ಅದಕ್ಕಾಗಿ ಯಾರ ಕೈಗೂ ಕಾರ್ಡ್ ಕೊಡಬೇಕಿಲ್ಲ.

ಮಗನಿಗೆ ಹೇಳುವ ಮಾತನ್ನು ನನ್ನೆದುರೇ ನಾಲ್ಕು ಸಲ ಹೇಳಿಸಿದೆ. ಮೂರು ಸಲವೂ ಕೊನೆಗೆ "ನೀ ಹೆಂಗಂತಿ ಹಂಗ" ಅಂತ ಸೇರಿಸಿದರು. ನಾಲ್ಕನೇ ಸಲ ಸೇರಿಸಲಿಲ್ಲ.

ಹೋದ ವಾರ ಪುಣೆಯಿಂದ ಫೋನ್ ಬಂತು. ಮೊಮ್ಮಗಳು ಆರಾಮ. "ಇಲ್ಲಿ ಹಿಟ್ಟು ಪಾಕೀಟಿನಾಗ ಬರ್ತದ್ರಿ. ಮುಟ್ಟಿದ್ರ ತಣ್ಣಗ" ಅಂದರು. ಕಾರ್ಡ್ ಇನ್ನೂ ಮಗನ ಕಿಸೆಯಲ್ಲೇ ಇದೆಯಂತೆ. ಊರಿಗೆ ಬಂದ ಮೇಲೆ ಅದರ ಬಗ್ಗೆ ಮಾತಾಡೋಣ ಅಂತ ತಾರೀಕು ಹಾಕಿಕೊಂಡಿದ್ದೇವೆ.