ಓಪನ್‌ಡಬ್ಲ್ಯುಆರ್‌ಟಿಗೆ ಯಾವ ರೂಟರ್? ಮೊದಲು ಡಬ್ಬಿ ಮಗುಚಿ ನೋಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು: ದಾವಣಗೆರೆಯ ವಿದ್ಯಾನಗರದಲ್ಲಿ ಎರಡಂತಸ್ತಿನ ಮನೆ, 100 ಎಂಬಿಪಿಎಸ್ ಫೈಬರ್ ಸಂಪರ್ಕ. ಕಂಪನಿ ಕೊಟ್ಟ ಡಬ್ಬಿಯ ವೈಫೈ ಮೇಲಿನ ಕೋಣೆಗೆ ಮುಟ್ಟುವುದಿಲ್ಲ. ಸಂಜೆ ಮಗ ಆಟ ಡೌನ್‌ಲೋಡ್ ಮಾಡಲು ಕುಳಿತರೆ ನಿಮ್ಮ ಕಚೇರಿಯ ವಿಡಿಯೊ ಸಭೆ ತೊದಲುತ್ತದೆ. ರೂಟರ್‌ನೊಳಗಿನ ಮೂಲ ತಂತ್ರಾಂಶ (ಫರ್ಮ್‌ವೇರ್) ತೆಗೆದು ಲಿನಕ್ಸ್ ಆಧಾರಿತ ಮುಕ್ತ ಫರ್ಮ್‌ವೇರ್ ಆದ ಓಪನ್‌ಡಬ್ಲ್ಯುಆರ್‌ಟಿ ಹಾಕಬೇಕೆಂದಿದ್ದೀರಿ, ಕೈಯಲ್ಲಿ ನಾಲ್ಕೈದು ಸಾವಿರ ರೂಪಾಯಿ ಇದೆ, ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಒಳ್ಳೆಯದೋ ಅಂಗಡಿಯ ರೂಟರೇ ಸಾಕೋ ಎಂದು ಕೇಳಿದ್ದೀರಿ.

ಅಂಗಡಿಯ ರೂಟರೇ ಸಾಕು. ಮೀಡಿಯಾಟೆಕ್ ಚಿಪ್, ಕನಿಷ್ಠ 16 ಎಂಬಿ ಫ್ಲ್ಯಾಷ್ (ಫರ್ಮ್‌ವೇರ್ ಕೂರುವ ಶಾಶ್ವತ ಸ್ಮರಣೆ), 128 ಎಂಬಿ ರ‍್ಯಾಮ್, ಗಿಗಾಬಿಟ್ ಪೋರ್ಟ್‌ಗಳು ಇರಲಿ. ಹೊಸದು ಕೊಳ್ಳುವುದಾದರೆ ಎಂಟಿ7981 ಚಿಪ್‌ನದು, ಹಳೆಯದು ಅಗ್ಗಕ್ಕೆ ಸಿಕ್ಕರೆ ಎಂಟಿ7621 ಚಿಪ್‌ನದು. ಉತ್ತರ ಮುಗಿಯಿತು ಎಂದುಕೊಂಡು ಇಷ್ಟಕ್ಕೇ ಅಂಗಡಿಗೆ ಹೊರಟರೆ ಬರಿಗೈಯಲ್ಲಿ ಬರುತ್ತೀರಿ, ಇಲ್ಲವೇ ತಪ್ಪು ಡಬ್ಬಿ ತರುತ್ತೀರಿ. ಏಕೆಂದರೆ ನಾನು ಹೇಳಿದ ಚಿಪ್ಪು, ಫ್ಲ್ಯಾಷು ಯಾವುದನ್ನೂ ಹೊರಗಿನ ಪೆಟ್ಟಿಗೆಯ ಮೇಲೆ ಅಚ್ಚು ಹಾಕುವ ಪದ್ಧತಿಯಿಲ್ಲ.

ನಾನು ನಿಟುವಳ್ಳಿಯವನು. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತನಾದ ಮೇಲೆ ನೆರೆಹೊರೆಯ ರೂಟರ್‌ಗಳಿಗೆಲ್ಲ ಪುಕ್ಕಟೆ ವೈದ್ಯ. ಈ ವಿದ್ಯೆಗೆ ಗುರುದಕ್ಷಿಣೆ ಕೊಟ್ಟದ್ದು ಹೀಗೆ: ಆನ್‌ಲೈನ್ ಮಾರಾಟಗಾರನೊಬ್ಬನ ಬಳಿ ಒಂದು ಮಾದರಿ ನೋಡಿದೆ, ಓಪನ್‌ಡಬ್ಲ್ಯುಆರ್‌ಟಿಯ ಜಾಲತಾಣದ ಯಂತ್ರಾಂಶ ಪಟ್ಟಿಯಲ್ಲಿ, ಅಂದರೆ ಅದು ನಡೆಯುವ ರೂಟರ್‌ಗಳ ಪಟ್ಟಿಯಲ್ಲಿ, ಅದೇ ಹೆಸರಿತ್ತು, ತರಿಸಿದೆ. ಬಂದ ಡಬ್ಬಿಯದು ಚಿತ್ರದಲ್ಲಿದ್ದ ಬಣ್ಣವೇ, ಆಂಟೆನಾ ಕಡ್ಡಿಗಳೂ ಅಷ್ಟೇ. ಮಗುಚಿ ನೋಡಿದರೆ ತಳದ ಚೀಟಿಯಲ್ಲಿ ಆವೃತ್ತಿಯ ಸಂಖ್ಯೆ ಬೇರೆ; ಒಳಗಿದ್ದದ್ದು ಬರೀ 4 ಎಂಬಿ ಫ್ಲ್ಯಾಷ್. ಮರಳಿಸಲು ಹೋದರೆ ‘ಇಂಟರ್ನೆಟ್ ಬರುತ್ತಿದೆಯಲ್ಲ, ದೋಷವೇನು ಸರ್?’ ಎಂದ. ಅವನ ದೃಷ್ಟಿಯಲ್ಲಿ ಅದೂ ಸರಿಯೇ. ಆ ಡಬ್ಬಿ ಈಗ ಮೊಮ್ಮಗಳ ಆಟಿಕೆ ಬುಟ್ಟಿಯಲ್ಲಿದೆ.

ಒಂದೇ ಹೆಸರಿಟ್ಟುಕೊಂಡು ಒಳಗಿನ ಹೂರಣ ಬದಲಿಸುವ ಈ ಚಾಳಿ ಹಳೆಯದು. ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿದ್ದೇ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ-ಕಪ್ಪು ಡಬ್ಬಿಯಿಂದ. ಹೆಸರಿನ ಬಾಲವೂ ಅಲ್ಲಿಂದ ಬಂದದ್ದೇ. ಅದರೊಳಗೆ ಲಿನಕ್ಸ್ ಓಡುತ್ತಿದೆಯೆಂದು ಜನ ಪತ್ತೆ ಹಚ್ಚಿದರು, ಮೂಲ ಸಂಕೇತವನ್ನು ಹಂಚಲೇಬೇಕೆನ್ನುವ ಜಿಪಿಎಲ್ ಪರವಾನಗಿಗೆ ಕಟ್ಟುಬಿದ್ದು ಕಂಪನಿ 2003ರಲ್ಲಿ ಅದನ್ನು ಹೊರಬಿಟ್ಟಿತು, 2004ರಲ್ಲಿ ಯೋಜನೆ ಶುರುವಾಯಿತು. ಮರುವರ್ಷವೇ ಅದೇ ಹೆಸರಿನಲ್ಲಿ ಐದನೆಯ ಆವೃತ್ತಿ ಬಂತು. ಲಿನಕ್ಸ್ ಹೋಗಿ ವಿಎಕ್ಸ್‌ವರ್ಕ್ಸ್ ಎಂಬ ಬೇರೆ ಕಾರ್ಯಾಚರಣೆ ವ್ಯವಸ್ಥೆ ಕುಳಿತಿತ್ತು. ಫ್ಲ್ಯಾಷ್ 4 ಎಂಬಿಯಿಂದ 2ಕ್ಕೆ, ರ‍್ಯಾಮ್ 16ರಿಂದ 8ಕ್ಕೆ ಇಳಿದಿತ್ತು. ಲಿನಕ್ಸ್ ಬೇಕೆಂದವರಿಗಾಗಿ ಹೆಸರಿನ ಕೊನೆಗೆ ಒಂದು ‘ಎಲ್’ ಅಂಟಿಸಿ ಬೇರೆ ಮಾದರಿಯನ್ನೇ ಮಾರಿದರು.

ಇಂದಿಗೂ ಅದೇ ಕಥೆ. ಟಿಪಿ-ಲಿಂಕ್ ಆರ್ಚರ್ ಸಿ7ರ ಮೊದಲ ಆವೃತ್ತಿಯಲ್ಲಿ 5 ಗಿಗಾಹರ್ಟ್ಸ್ ರೇಡಿಯೊಗೆ ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಜೀವವಿಲ್ಲ, ಎರಡನೆಯದರಲ್ಲಿ ಚೆನ್ನಾಗಿ ನಡೆಯುತ್ತದೆ. ಆರ್ಚರ್ ಸಿ6ರ ಎರಡನೆಯ ಆವೃತ್ತಿಯಲ್ಲಿ ಕ್ವಾಲ್ಕಾಮ್ ಚಿಪ್, ಮೂರನೆಯದರಲ್ಲಿ ಮೀಡಿಯಾಟೆಕ್. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲದ ಮೇಲಿನ ಮುದ್ರೆ ನೋಡಿ ಯಾರೂ ದರ ಕೂಗುವುದಿಲ್ಲ. ಒಳಗೆ ಕೈ ಹಾಕಿ ಹಿಡಿ ಕಾಳು ತೆಗೆದು ಅಂಗೈಯಲ್ಲಿ ಹರಡಿ ನೋಡುತ್ತಾರೆ. ರೂಟರ್ ವ್ಯಾಪಾರದಲ್ಲಿ ಆ ಹಿಡಿ ಕಾಳು ತಳದ ಚೀಟಿಯಲ್ಲಿದೆ. ಹಳೆಯದು ಮಾರುವವರಾದರೆ ಚೀಟಿಯ ಫೋಟೊ ಕಳಿಸಲು ಹೇಳಿ. ಕಳಿಸದವರ ಬಳಿ ಕೊಳ್ಳಬೇಡಿ. ಹೊಸದಾದರೆ ಪೆಟ್ಟಿಗೆಯ ಬದಿಯಲ್ಲೂ ಅದೇ ಸಂಖ್ಯೆ ಸಣ್ಣದಾಗಿ ಇರುತ್ತದೆ, ದುಡ್ಡು ಎಣಿಸುವ ಮೊದಲು ಓದಿ. ಮಾದರಿಯ ಹೆಸರು, ಆವೃತ್ತಿ ಎರಡೂ ಯಂತ್ರಾಂಶ ಪಟ್ಟಿಯಲ್ಲಿ ಒಂದೇ ಸಾಲಿನಲ್ಲಿ ಸಿಕ್ಕರೆ ಮಾತ್ರ ಮುಂದಿನ ಮಾತು.

16 ಮತ್ತು 128 ಎಂಬ ಅಂಕಿಗಳು ನನ್ನ ಹಟವಲ್ಲ. 4 ಎಂಬಿ ಫ್ಲ್ಯಾಷ್, 32 ಎಂಬಿ ರ‍್ಯಾಮ್‌ನ ಯಂತ್ರಗಳನ್ನು ಯೋಜನೆಯವರು 19.07 ಸರಣಿಯ ನಂತರ ಕೈಬಿಟ್ಟಿದ್ದಾರೆ. ಲಿನಕ್ಸ್ ಕರ್ನಲ್ (ತಿರುಳು) ಮತ್ತು ಉಳಿದ ತಂತ್ರಾಂಶ ಕೂಡಿ ಅದರಲ್ಲಿ ಹಿಡಿಸುವುದಿಲ್ಲ. ಎರಡು ಕಡ್ಡಿಯ ಬಿಳಿ ಡಬ್ಬಿ ಟಿಎಲ್-ಡಬ್ಲ್ಯುಆರ್841ಎನ್ ಮನೆಯ ಮೂಲೆಯಲ್ಲಿದ್ದರೆ, ಅದರ ಬಹುತೇಕ ಆವೃತ್ತಿಗಳು ಈ ಗುಂಪಿನವೇ. 8 ಮತ್ತು 64 ಇದ್ದರೆ ಕುಂಟುತ್ತಾ ನಡೆಯುತ್ತದೆ, ಆದರೆ ಜಾಹೀರಾತು ತಡೆಯುವುದನ್ನೋ ವಿಪಿಎನ್ನನ್ನೋ ಸೇರಿಸಹೊರಟಾಗ ಜಾಗ ಸಾಲದು. ಇನ್ನು ಮೀಡಿಯಾಟೆಕ್ ಏಕೆಂದರೆ, ಅದರ ವೈಫೈ ಚಾಲಕ ತಂತ್ರಾಂಶ ಮುಕ್ತವಾಗಿದೆ, ಲಿನಕ್ಸ್‌ನೊಳಗೇ ಸೇರಿದೆ. ಬ್ರಾಡ್‌ಕಾಮ್ ವೈಫೈ ಚಿಪ್‌ಗಳ ವಿಷಯದಲ್ಲಿ ಆ ಭಾಗ್ಯವಿಲ್ಲ. ಎಷ್ಟೇ ಅಗ್ಗಕ್ಕೆ ಬಂದರೂ ಬೇಡ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ‘ಎಸಿ1200’, ‘ಎಎಕ್ಸ್3000’ ಸಂಖ್ಯೆಗಳಿಗೆ ಮರುಳಾಗಬೇಡಿ. 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ರೇಡಿಯೊಗಳ ಕಾಗದದ ಮೇಲಿನ ವೇಗವನ್ನು ಕೂಡಿಸಿ ಬರೆದದ್ದು ಅದು: 300 ಮತ್ತು 867 ಸೇರಿ ‘1200’. ಅಂಥ ಎಷ್ಟೋ ಡಬ್ಬಿಗಳ ಬೆನ್ನಿಗಿರುವ ಪೋರ್ಟ್‌ಗಳು 100 ಎಂಬಿಪಿಎಸ್‌ನವು, ಅವುಗಳಲ್ಲಿ ನಿಜವಾಗಿ ಸಿಗುವುದು ಹೆಚ್ಚೆಂದರೆ 94-95. ಇಂದು ನಡೆದೀತು, ನಾಳೆ 200ರ ಯೋಜನೆಗೆ ಹೋದರೆ ಅಲ್ಲಿಯೇ ಗಂಟಲು ಕಟ್ಟುತ್ತದೆ.

ನಿಮ್ಮ ಸಭೆ ತೊದಲುವುದಕ್ಕೆ ವೇಗದ ಕೊರತೆ ಕಾರಣವಲ್ಲ. ಮಗನ ಡೌನ್‌ಲೋಡ್‌ನ ಪೊಟ್ಟಣಗಳು ಮೊದಲೇ ಬಂದು ಸಾಲು ನಿಂತಿರುತ್ತವೆ, ನಿಮ್ಮ ಮಾತಿನ ಪುಟ್ಟ ಪೊಟ್ಟಣ ಆ ಸಾಲಿನ ಹಿಂದೆ ಕಾಯುತ್ತದೆ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಸಾಲನ್ನು ನಿಭಾಯಿಸುವ ಎಸ್‌ಕ್ಯುಎಂ ಎಂಬ ಸೌಲಭ್ಯ ಹಾಕಿ, ಅದರಲ್ಲಿ ‘ಕೇಕ್’ ಎಂಬ ವಿಧಾನ ಆಯ್ದು, ವೇಗವನ್ನು ಸಿಗುವುದಕ್ಕಿಂತ ತುಸು ಕೆಳಗೆ, 90-95 ಎಂಬಿಪಿಎಸ್‌ಗೆ ಕಟ್ಟಿದರೆ ಸಾಲು ನಿಮ್ಮ ಡಬ್ಬಿಯೊಳಗೇ ಉಳಿಯುತ್ತದೆ, ಯಾರು ಮೊದಲು ಹೋಗಬೇಕೆಂಬುದನ್ನು ಡಬ್ಬಿ ತೀರ್ಮಾನಿಸುತ್ತದೆ. ನನ್ನ ಮಟ್ಟಿಗೆ ಈ ಫರ್ಮ್‌ವೇರ್‌ಗೆ ಪಡುವ ಪಾಡೆಲ್ಲ ಈ ಒಂದು ಸೌಲಭ್ಯಕ್ಕೇ ಸಾರ್ಥಕ. ಆದರೆ ಈ ಲೆಕ್ಕವನ್ನೆಲ್ಲ ಮಾಡುವುದು ಪ್ರೊಸೆಸರ್. ಪ್ರೊಸೆಸರನ್ನು ಬದಿಗಿಟ್ಟು ಪೊಟ್ಟಣ ದಾಟಿಸಿ ವೇಗ ಹೆಚ್ಚಿಸುವ ಹಾರ್ಡ್‌ವೇರ್ ಆಫ್‌ಲೋಡ್ ಮತ್ತು ಎಸ್‌ಕ್ಯುಎಂ ಒಟ್ಟಿಗೆ ಬಾಳುವುದಿಲ್ಲ. ಎಂಟಿ7621ರ 880 ಮೆಗಾಹರ್ಟ್ಸ್‌ನ ಎರಡು ಕೋರ್‌ಗಳಿಗೆ 100 ಎಂಬಿಪಿಎಸ್ ಹೊರೆಯಲ್ಲ. 300ರತ್ತ ಹೋಗುವ ಯೋಚನೆಯಿದ್ದರೆ ಮಾತ್ರ ಎಂಟಿ7981ರ 1.3 ಗಿಗಾಹರ್ಟ್ಸ್ ಎಆರ್‌ಎಂ ಕೋರ್‌ಗಳು ಬೇಕು.

ರಾಸ್ಪ್‌ಬೆರಿ ಪೈ ನನಗೂ ಪ್ರಿಯವೇ, ಮಕ್ಕಳಿಗೆ ಅದರಲ್ಲಿಯೇ ಪಾಠ ಹೇಳಿದವನು. ರೂಟರ್ ಕೆಲಸಕ್ಕೆ ಬೇಡ. ಪೈ 4ಕ್ಕೆ ಇರುವುದು ಒಂದೇ ಈಥರ್ನೆಟ್ ಪೋರ್ಟ್. ಎರಡನೆಯದಕ್ಕೆ ಯುಎಸ್‌ಬಿ ಅಡಾಪ್ಟರ್, ಮನೆಗೆಲ್ಲ ವೈಫೈ ಹಂಚಲು ಬೇರೆ ಆಕ್ಸೆಸ್ ಪಾಯಿಂಟ್, ಮೇಲೆ ಸವೆಯುವ ಎಸ್‌ಡಿ ಕಾರ್ಡ್. ಎಲ್ಲ ಕೂಡಿಸಿದರೆ ನಿಮ್ಮ ಐದು ಸಾವಿರ ಎಲ್ಲಿ ಉಳಿಯಿತು? ಹಳೆಯ ಕಂಪ್ಯೂಟರನ್ನೇ ರೂಟರ್ ಮಾಡಿ ಎಂದು ಸಲಹೆ ಕೊಡುವವರೂ ಇದ್ದಾರೆ. 40 ವಾಟ್ ತಿನ್ನುವ ಯಂತ್ರ ಹಗಲಿರುಳು ಓಡಿದರೆ ತಿಂಗಳಿಗೆ ಸುಮಾರು 29 ಯೂನಿಟ್. 7 ವಾಟ್‌ನ ರೂಟರ್‌ಗೆ 5 ಯೂನಿಟ್. ಬಿಲ್ ಕಟ್ಟುವವರು ನೀವು.

ಕರೆಂಟಿನ ಮಾತು ಬಂತು. ಕರೆಂಟ್ ಹೋದಾಗಲೂ ಸಭೆ ನಡೆಯಬೇಕೆಂದರೆ ಮಿನಿ ಯುಪಿಎಸ್ ಬೇಕು, ಅದನ್ನು ರೂಟರ್‌ನ ಜೊತೆಯಲ್ಲೇ ಲೆಕ್ಕ ಹಾಕಿ. ಹೆಚ್ಚಿನ ಮನೆ ರೂಟರ್‌ಗಳು 12 ವೋಲ್ಟ್‌ನವು, ಅಂಗಡಿಯ ಮಿನಿ ಯುಪಿಎಸ್‌ಗಳೂ ಹಾಗೆಯೇ. ಕೆಲವು ರೂಟರ್‌ಗಳು ಮಾತ್ರ ಯುಎಸ್‌ಬಿ-ಸಿ ಮೂಲಕ 5 ವೋಲ್ಟ್ ಕೇಳುತ್ತವೆ. ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್, ಪಿನ್ನಿನ ದಪ್ಪ ಮೂರನ್ನೂ ಬರೆದುಕೊಂಡು ಹೋಗಿ. ಫೈಬರ್ ಡಬ್ಬಿಗೂ ಅದೇ ಯುಪಿಎಸ್‌ನಿಂದ ತಂತಿ ಎಳೆಯದಿದ್ದರೆ ರೂಟರ್ ಒಂದೇ ಎಚ್ಚರವಾಗಿ ಕುಳಿತು ಏನು ಮಾಡೀತು? ಇನ್ನೊಂದು: ನಮ್ಮ ಏಪ್ರಿಲ್ ಬಿಸಿಲಿಗೆ ಕಾದ ಆರ್‌ಸಿಸಿ ತಾರಸಿಯ ಕೆಳಗೆ, ಗೋಡೆಯ ಸಜ್ಜೆಯ ಮೇಲೆ ರೂಟರ್ ಇಡಬೇಡಿ. ನಾನು ನೋಡಿದ ಹಾಗೆ ರೂಟರ್‌ಗಿಂತ ಮೊದಲು ಸಾಯುವುದು ಅಡಾಪ್ಟರ್.

ಫೈಬರ್ ಎಳೆ ಬಂದು ಸೇರುವ ಒಎನ್‌ಟಿ ಡಬ್ಬಿ ಕಂಪನಿಯ ಸ್ವತ್ತು, ಅದಕ್ಕೆ ಕೈ ಹಚ್ಚಬೇಡಿ. ಅದನ್ನು ಬ್ರಿಡ್ಜ್ ಮೋಡ್‌ಗೆ (ತಾನು ರೂಟರ್ ಆಗದೆ ಸಂಪರ್ಕವನ್ನು ನೇರ ದಾಟಿಸುವ ಸ್ಥಿತಿಗೆ) ಹಾಕಿಕೊಡಿ ಎಂದು ಕೇಳಿ. ಲಾಗಿನ್ ಕೇಳುವ ಪಿಪಿಪಿಒಇ ಸಂಪರ್ಕವಾಗಿದ್ದರೆ ಬಳಕೆದಾರ ಹೆಸರು, ಗುಪ್ತಪದ, ವಿಎಲ್ಎಎನ್ ಸಂಖ್ಯೆ (ಕಂಪನಿಯ ಜಾಲದಲ್ಲಿ ನಿಮ್ಮ ಸಂಪರ್ಕದ ಗುರುತು) ಇವನ್ನು ರೂಟರ್ ಕೊಳ್ಳುವ ಮೊದಲೇ ಬರೆಸಿಕೊಳ್ಳಿ. ಕೊಡುವುದಿಲ್ಲ ಎಂದರೆ ನಿಮ್ಮ ರೂಟರನ್ನು ಒಎನ್‌ಟಿಯ ಹಿಂದೆ ಸಿಕ್ಕಿಸಿ, ಒಎನ್‌ಟಿಯ ವೈಫೈ ಬಂದ್ ಮಾಡಿಬಿಡಿ. ಎರಡು ಬಾಗಿಲು ದಾಟಿದಂತಾಗುತ್ತದೆ, ಸಭೆಗೆ ತೊಂದರೆಯಿಲ್ಲ.

ಈಗ ನಾನು ಆವೃತ್ತಿಯಷ್ಟೇ ಮುಖ್ಯವೆಂದು ತಿಳಿದಿರುವ ಸಂಗತಿ: ಫರ್ಮ್‌ವೇರ್ ಬರೆಯುವಾಗ ಡಬ್ಬಿ ಸತ್ತರೆ ಎಬ್ಬಿಸಲು ದಾರಿ ಇದೆಯೇ? ಹಿಂದಿನ ಬೀದಿಯ ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಹೊಸ ಫರ್ಮ್‌ವೇರ್ ಏರಿಸುವಾಗ ಅರ್ಧಕ್ಕೆ ಕರೆಂಟ್ ಹೋಯಿತು. ಒಂದು ದೀಪ ಬಿಟ್ಟು ಬೇರೇನೂ ಉರಿಯದ ಡಬ್ಬಿ ಹಿಡಿದು ಅಳುಮುಖ ಮಾಡಿಕೊಂಡು ಬಂದ. ಬಿಚ್ಚಿದೆವು. ಬೋರ್ಡಿನ ಅಂಚಿನಲ್ಲಿ ಸೀರಿಯಲ್ ಕನ್ಸೋಲ್‌ನ (ಕಂಪ್ಯೂಟರಿನಿಂದ ಡಬ್ಬಿಯೊಂದಿಗೆ ನೇರ ಮಾತಾಡುವ ದಾರಿಯ) ನಾಲ್ಕು ತೂತು ಇದ್ದವು. 3.3 ವೋಲ್ಟ್‌ನ ಯುಎಸ್‌ಬಿ-ಟಿಟಿಎಲ್ ತಂತಿಯಲ್ಲಿ ಗ್ರೌಂಡ್, ಕಳಿಸುವುದು, ಪಡೆಯುವುದು ಮೂರನ್ನಷ್ಟೇ ಜೋಡಿಸಿದೆವು. ವಿದ್ಯುತ್ತಿನ ನಾಲ್ಕನೆಯದನ್ನು ಮುಟ್ಟಲಿಲ್ಲ, ಮುಟ್ಟಲೂಬಾರದು. 5 ವೋಲ್ಟ್‌ನ ತಂತಿ ಹಾಕಿದರೆ ಚಿಪ್ಪು ಸುಟ್ಟೀತು. 115200 ಬಾಡ್ ವೇಗದಲ್ಲಿ ಕಂಪ್ಯೂಟರಿನಲ್ಲಿ ಕನ್ಸೋಲ್ ತೆರೆದಾಗ, ಫರ್ಮ್‌ವೇರನ್ನು ಎಬ್ಬಿಸುವ ಮೊದಲ ತಂತ್ರಾಂಶವಾದ ಬೂಟ್‌ಲೋಡರ್ ಇನ್ನೂ ಉಸಿರಾಡುತ್ತಿತ್ತು. ಅದನ್ನು ತಡೆದು ನಿಲ್ಲಿಸಿ ಟಿಎಫ್‌ಟಿಪಿ ಎಂಬ ಕಡತ ಕಳಿಸುವ ಸರಳ ವಿಧಾನದಿಂದ ಹೊಸ ಕಡತ ಕಳಿಸಿದೆವು. ಮಂಡಕ್ಕಿ ಮಿರ್ಚಿ ಮುಗಿಯುವಷ್ಟರಲ್ಲಿ ಡಬ್ಬಿ ಎದ್ದು ಕುಳಿತಿತ್ತು.

ನಿಮಗೆ ಈ ಉಸಾಬರಿ ಬೇಡವೆಂದರೆ ಕೊಳ್ಳುವಾಗಲೇ ನೋಡಿಕೊಳ್ಳಿ. ಯಂತ್ರಾಂಶ ಪಟ್ಟಿಯಲ್ಲಿ ಹೆಚ್ಚಿನ ಮಾದರಿಗಳ ಪುಟದಲ್ಲಿ ಫರ್ಮ್‌ವೇರ್ ಹಾಕುವ ದಾರಿ ಬರೆದಿರುತ್ತದೆ. ರೂಟರ್‌ನ ಸ್ವಂತ ಪುಟದಿಂದಲೇ ಏರಿಸಬಹುದಾದದ್ದು ಎಲ್ಲಕ್ಕಿಂತ ಸುಲಭ. ಶಿಯೋಮಿ 4ಎ ಗಿಗಾಬಿಟ್‌ನಂಥವುಗಳಲ್ಲಿ ಮೂಲ ಫರ್ಮ್‌ವೇರ್‌ನ ಕಿಂಡಿ ಹುಡುಕಿ ನುಸುಳಿ ಹೋಗಬೇಕು. ಮೊದಲ ಸಲದವರಿಗೆ ಅದು ಬೇಡ. ಕ್ಯೂಡಿ ಡಬ್ಲ್ಯುಆರ್3000ರ ಮೊದಲ ಆವೃತ್ತಿಯಲ್ಲಿ ಎಂಟಿ7981, 16 ಎಂಬಿ ಫ್ಲ್ಯಾಷ್, 256 ಎಂಬಿ ರ‍್ಯಾಮ್ ಇವೆ. ಓಪನ್‌ಡಬ್ಲ್ಯುಆರ್‌ಟಿಗೆ ದಾಟಲು ಬೇಕಾದ ಮಧ್ಯಂತರ ಕಡತವನ್ನು ಆ ಕಂಪನಿಯೇ ಕೊಡುತ್ತದೆ. ನಿಮ್ಮ ಹಣಕ್ಕೆ ನಾನು ಮೊದಲು ಹುಡುಕುವುದು ಅದನ್ನೇ, ಚೀಟಿ ನೋಡಿಕೊಂಡು. ಜಿಎಲ್-ಐನೆಟ್‌ನ ಎಂಟಿ3000ರಲ್ಲಿ ಅದೇ ಚಿಪ್, ರೀಸೆಟ್ ಗುಂಡಿ ಒತ್ತಿ ಹಿಡಿದು ಚಾಲು ಮಾಡಿದರೆ ಮರುಜೀವದ ಪುಟವೇ ತೆರೆಯುತ್ತದೆ. ಆದರೆ ಅದು ಮೇಲೆ ಹೇಳಿದ 5 ವೋಲ್ಟ್‌ನದು. ಯೋಜನೆಯವರದೇ ‘ಓಪನ್‌ಡಬ್ಲ್ಯುಆರ್‌ಟಿ ಒನ್’ 2024ರ ಕೊನೆಗೆ ಬಂತು. ಕೆಟ್ಟರೆ ಎಬ್ಬಿಸಲೆಂದೇ ಎರಡನೆಯ ಫ್ಲ್ಯಾಷ್, ಅದಕ್ಕೊಂದು ಸ್ವಿಚ್! ನನಗಂತೂ ಬಾಯಲ್ಲಿ ನೀರೂರಿತು. ಬಂದಾಗ ಬೆಲೆ 89 ಡಾಲರ್ ಇತ್ತು, ಸಾಗಣೆ ಬೇರೆ. ನಿಮ್ಮ ಮಿತಿಗೆ ಸಿಗದು.

ಮೇಲಿನ ಕೋಣೆಗೆ ಯಾವ ರೂಟರ್ ತಂದರೂ ವೈಫೈ ಸರಿಯಾಗಿ ಮುಟ್ಟುವುದು ಕಷ್ಟ. ನಡುವೆ ತಾರಸಿಯ ಕಬ್ಬಿಣ, ಕಾಂಕ್ರೀಟ್ ಇವೆ. ಆರು ಕಡ್ಡಿಯ ಡಬ್ಬಿಗೆ ಹಣ ಸುರಿಯುವ ಬದಲು ಹೊರಗೋಡೆಯ ಮೇಲೆ ಒಂದು ಕ್ಯಾಟ್-6 ತಂತಿ ಎಳೆಸಿ, ತುದಿಗೆ ಅಗ್ಗದ ಇನ್ನೊಂದು ಡಬ್ಬಿಯನ್ನು ಆಕ್ಸೆಸ್ ಪಾಯಿಂಟ್ ಆಗಿ ಇಡಿ. ಎರಡಕ್ಕೂ ಒಂದೇ ಹೆಸರು, ಒಂದೇ ಗುಪ್ತಪದ, ಚಾನೆಲ್ ಬೇರೆ. ಯಾವ ದೇಶದ ರೇಡಿಯೊ ನಿಯಮ ಎಂದು ಹೇಳುವ ಕಂಟ್ರಿ ಕೋಡ್ ಭಾರತದ್ದೇ ಇರಲಿ.

ಫರ್ಮ್‌ವೇರ್ ಹಾಕುವ ದಿನ ಕಡತದ ಚೆಕ್‌ಸಮ್ (ಅದು ಕೆಡದೆ ಇಳಿದಿದೆಯೇ ಎಂದು ತಿಳಿಸುವ ಸಂಕೇತ) ಹೋಲಿಸಿ ನೋಡಿ, ಯುಪಿಎಸ್ ಮೇಲೆಯೇ ಕೆಲಸ ಮಾಡಿ, ಲ್ಯಾಪ್‌ಟಾಪ್‌ಗೆ ತಂತಿ ಚುಚ್ಚಿಕೊಂಡಿರಿ. ಓಪನ್‌ಡಬ್ಲ್ಯುಆರ್‌ಟಿ ಮೊದಲ ಸಲ ಎದ್ದಾಗ ವೈಫೈ ಸಾಮಾನ್ಯವಾಗಿ ಆರಿಯೇ ಇರುತ್ತದೆ. ಡಬ್ಬಿ ಸತ್ತಿತೆಂದು ಗಾಬರಿಬಿದ್ದು ನನಗೆ ಫೋಟೊ ಕಳಿಸಿದವರಲ್ಲಿ ಅರ್ಧ ಜನ ಇಷ್ಟಕ್ಕೇ ಬೆದರಿದವರು. ಬ್ರೌಸರ್‌ನಲ್ಲಿ 192.168.1.1 ತೆರೆದು ವೈಫೈ ಚಾಲು ಮಾಡಿ. ಮನೆಯವರೆಲ್ಲ ಮಲಗಿದ ಮೇಲೆ ಶುರು ಮಾಡಿದರೆ ಒಳ್ಳೆಯದು, ಹಳೆಯ ಡಬ್ಬಿಯನ್ನು ಒಂದು ವಾರ ಯಾರಿಗೂ ಕೊಡಬೇಡಿ.