ಲಾರಿ ಫೋಟೋ ಬಂದ್ರ ಕನೆಕ್ಷನ್ ಕಟ್ ಆಗ್ತೈತಿ, ಏನ್ ಮಾಡ್ಲಿ?

ಪ್ರಶ್ನೆ: ನಮಸ್ಕಾರ ಸರ್, ಗಂಗಾವತಿ ಕಡೆ ರೈಸ್ ಮಿಲ್ ನಮ್ದು. ವೇ ಬ್ರಿಡ್ಜ್ ಕಂಪ್ಯೂಟರ್‌ನಿಂದ ಆಫೀಸಿಗೆ ಭತ್ತದ ಲಾರಿ ತೂಕ, ಫೋಟೋ ಎರಡೂ ಬರೋ ಹಂಗ ಪೈಥಾನ್ ವೆಬ್‌ಸಾಕೆಟ್ಸ್ ಲೈಬ್ರರಿಯೊಳಗ (ಎರಡು ಕಂಪ್ಯೂಟರ್ ನಡುವ ಕನೆಕ್ಷನ್ ತೆರೆದಿಡೋದು) ಬರ್ದೀನ್ರಿ. ತೂಕ ಸರಿ ಬರ್ತೈತಿ, ಫೋಟೋ ಬಂತಂದ್ರ ಆಫೀಸ್ ಕಡೆ 'ಸೆಂಟ್ 1009' ಅಂತ ತೋರ್ಸಿ ಕಟ್. ಫೋಟೋ ಬರೇ 900 ಕೆಬಿ. ವೇ ಬ್ರಿಡ್ಜ್ ಕಡೆ ಸರ್ವರ್‌ನಾಗ ಮ್ಯಾಕ್ಸ್ ಸೈಜ್ ಹೆಚ್ಚಿಗಿ ಮಾಡೀನಿ, ಆದ್ರೂ ಹಂಗ ಐತಿ. ಒಮ್ಮೊಮ್ಮೆ 1011, ಪಿಂಗ್ ಟೈಮ್‌ಔಟ್ ಅಂತನೂ ಬರ್ತೈತಿ.

ಉತ್ತರ: ಮ್ಯಾಕ್ಸ್ ಸೈಜ್ ಅನ್ನೋದು ಬರೋ ಮೆಸೇಜಿಗೆ ಹಾಕೋ ಮಿತಿರಿ, ಕಳ್ಸೋದಕ್ಕಲ್ಲ. ಫೋಟೋ ಬಂದು ಸೇರೋದು ಆಫೀಸಿನ ಕ್ಲೈಂಟಿಗೆ (ಸರ್ವರಿಗೆ ಕೂಡೋ ಪ್ರೋಗ್ರಾಮ್), ಹಂಗಾಗಿ ಕ್ಲೈಂಟಿನ ಕನೆಕ್ಟ್ ಒಳಗ ಬದಲಿಸ್ಬೇಕು, ಸರ್ವರ್‌ನಾಗ ಎಷ್ಟು ಏರ್ಸಿದ್ರೂ ಉಪಯೋಗಿಲ್ಲ. ಎರರ್ ಸಾಲಿನಾಗೇ ಇದು ಐತಿ ನೋಡ್ರಿ: 'ಸೆಂಟ್ 1009' ಅಂದ್ರ ನಿಮ್ಮ ಪ್ರೋಗ್ರಾಮೇ ಮೆಸೇಜ್ ದೊಡ್ಡದಾತು ಅಂತ ಮುಚ್ಚೈತಿ, 'ರಿಸೀವ್ಡ್ 1009' ಇದ್ರ ಆ ಕಡೆ ಮುಚ್ಚೈತಿ. ಬಹಳ ಮಂದಿ ನಂಬರಷ್ಟ ನೋಡಿ ಬಿಟ್ಟುಬಿಡ್ತಾರ.

ಇನ್ನ 900 ಕೆಬಿ ಲೆಕ್ಕ. ಏನೂ ಹಾಕದಿದ್ರ ಮಿತಿ 10,48,576 ಬೈಟ್ ಇರ್ತೈತಿ, ನಿಮ್ಮ ಫೋಟೋ ಅದಕ್ಕಿಂತ ಸಣ್ಣದೇ, ಆದ್ರ ನೀವು ಅದನ್ನ ಬೇಸ್64 ಮಾಡಿ (ಫೋಟೋದ ಬೈಟ್ ಎಲ್ಲಾ ಅಕ್ಷರ ಮಾಡಿ) ಜೇಸನ್ ಅನ್ನೋ ಪಠ್ಯ ರೂಪದಾಗ ಸೇರ್ಸಿರ್ಬೇಕು, ಅದ್ರಾಗ 3 ಬೈಟಿಗೆ 4 ಅಕ್ಷರ ಆಗೋದ್ರಿಂದ 900 ಇದ್ದದ್ದು 1200 ಆಗ್ತೈತಿ. ಫೋಟೋನ ನೇರ ಬೈನರಿ ಮೆಸೇಜ್ ಮಾಡಿ ಕಳ್ಸ್ರಿ, ಮ್ಯಾಕ್ಸ್ ಸೈಜ್ 4 ಎಂಬಿ ಇಡ್ರಿ, ಸಾಕು. ಮ್ಯಾಕ್ಸ್ ಸೈಜಿಗೆ None ಅಂತ ಹಾಕಿ ಮಿತಿನೇ ತಗೀಬ್ಯಾಡ್ರಿ, ಆ ಕಡೆಯಿಂದ ತಪ್ಪಿ ಒಂದು ಭಾರಿ ಫೈಲ್ ಬಂದ್ರೂ ಆಫೀಸಿನ ಕಂಪ್ಯೂಟರ್ ಮೆಮೊರಿ ಪೂರ್ತಿ ತುಂಬಿಬಿಡ್ತೈತಿ.

1011 ಬ್ಯಾರೆ ವಿಷಯ. ಲೈಬ್ರರಿ 20 ಸೆಕೆಂಡಿಗೊಮ್ಮೆ ಪಿಂಗ್ (ಇದ್ದೀಯೇನು ಅಂತ ಕೇಳೋ ಸಂದೇಶ) ಕಳ್ಸಿ ಪಾಂಗ್‌ಗೆ (ಅದರ ಉತ್ತರಕ್ಕ) 20 ಸೆಕೆಂಡ್ ಕಾಯ್ತೈತಿ, ಬರ್ಲಿಲ್ಲಂದ್ರ ಮುಚ್ತೈತಿ. ನೆಟ್ ಕೈಕೊಟ್ಟಿರಬಹುದು, ಇಲ್ಲಾ ಪ್ರೋಗ್ರಾಮೇ ಎಲ್ಲೋ ಸಿಕ್ಕಿಬಿದ್ದಿರಬಹುದು. ಅಸಿಂಕ್ ಕೋಡಿನೊಳಗ (ಹಲವು ಕೆಲಸ ಸರದಿ ಮೇಲೆ ನಡ್ಸೋ ಕೋಡ್) ಎಲ್ಲಾನೂ ನಿಲ್ಸಿ ಕಾಯ್ಸೋ ಟೈಮ್ ಸ್ಲೀಪ್ (time.sleep) ಹಾಕೀರೇನು, ಫೋಟೋ ಚಿಕ್ಕದು ಮಾಡೋ ಕೆಲಸ ಅಲ್ಲೇ ನಡೀತೈತೇನು ನೋಡ್ರಿ, ಅಂಥಾ ಕೆಲಸ ಬ್ಯಾರೆ ಥ್ರೆಡ್‌ಗೆ ಕೊಡ್ರಿ. ನೆಟ್ಟೇ ನಿಧಾನ ಇದ್ರ ಪಿಂಗ್ ಟೈಮ್‌ಔಟ್ 60 ಮಾಡ್ರಿ. ಪೂರ್ತಿ ಬಂದ್ ಮಾಡೋದು ಮಾತ್ರ ಬ್ಯಾಡ, ಕೇಬಲ್ ಕಿತ್ತೋಗಿದ್ರೂ ಆಫೀಸ್ ಸ್ಕ್ರೀನ್‌ನಾಗ ಹಿಂದಿನ ಲಾರಿ ತೂಕನ ಕುಂತಿರ್ತೈತಿ, ಅದನ್ನ ನೋಡಿ ರೈತರಿಗೆ ಚೀಟಿ ಬರೆದ್ರ ಯಾರು ಹೊಣೆ?

ಕರೆಂಟ್ ಹೋಗಿ ಬಂದಾಗ ತಾನೇ ಕೂಡ್ಕೊಳ್ಳಾಕ ಕನೆಕ್ಟ್‌ನ ಅಸಿಂಕ್ ಫಾರ್ ಒಳಗ ಬರೀರಿ, ಲೈಬ್ರರಿನೇ ಸ್ವಲ್ಪ ಸ್ವಲ್ಪ ತಡ ಬಿಟ್ಟು ಮತ್ತ ಮತ್ತ ಪ್ರಯತ್ನ ಮಾಡ್ತೈತಿ.